ಮುಟ್ಟು ತಪ್ಪುವ ಮೊದಲೇ ಬೇಕಾದ ಫೋಲಿಕ್ ಆಮ್ಲ

ಗರ್ಭ ಕಟ್ಟಿದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಕಡೆಯ ಜೀವಕೋಶಗಳ ಪದರ ಮಡಚಿಕೊಂಡು ಕೊಳವೆಯಾಗತೊಡಗುತ್ತದೆ. ಈ ನರಕೊಳವೆಯ ಮೇಲ್ತುದಿ ಮುಂದೆ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿಯಾಗುತ್ತದೆ. ಸುಮಾರು 28ನೇ ದಿನಕ್ಕೆ ಅದು ಪೂರ್ತಿ ಮುಚ್ಚಿಕೊಳ್ಳಬೇಕು. ಕೆಳಗಡೆ ಮುಚ್ಚದಿದ್ದರೆ ಸ್ಪೈನಾ ಬಿಫಿಡಾ: ಕಾಲಲ್ಲಿ ಬಲವಿರುವುದಿಲ್ಲ, ಮಲಮೂತ್ರದ ಹಿಡಿತ ತಪ್ಪುತ್ತದೆ, ಎಷ್ಟೋ ಮಕ್ಕಳಿಗೆ ತಲೆಯಲ್ಲಿ ನೀರು ತುಂಬುತ್ತದೆ. ಮೇಲ್ಗಡೆ ಮುಚ್ಚದಿದ್ದರೆ ಮಗು ಬದುಕುವುದಿಲ್ಲ. ಆ 28ನೇ ದಿನವೆಂದರೆ ಮುಟ್ಟು ತಪ್ಪಿ ಎರಡು ವಾರವಷ್ಟೆ. ತಾಯಿ ಕಾರ್ಡ್ ಕೈಗೆ ಬರುವ ಹೊತ್ತಿಗೆ ಕೊಳವೆ ಮುಚ್ಚಿಯೋ ಮುಚ್ಚದೆಯೋ ಆಗಿಹೋಗಿರುತ್ತದೆ.

ಇಷ್ಟು ವೇಗವಾಗಿ ಜೀವಕೋಶಗಳು ಒಡೆದು ಹೆಚ್ಚಬೇಕಾದರೆ ಡಿಎನ್‌ಎ ತಯಾರಾಗುತ್ತಿರಬೇಕು. ಅದಕ್ಕೆ ಬೇಕಾದದ್ದು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ. ಇದರ ಮೊದಲ ಸುಳಿವು ಸಿಕ್ಕಿದ್ದು ಭಾರತದಲ್ಲೇ. ಬಟ್ಟೆ ಗಿರಣಿಗಳ ಊರಾಗಿದ್ದ ಬೊಂಬಾಯಿಯಲ್ಲಿ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಅದು ಯೀಸ್ಟ್ ಸಾರದಿಂದ ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲೇಟ್. ನರಕೊಳವೆಯ ಜೊತೆಗಿನ ಅದರ ನಂಟು ಖಚಿತವಾಗಲು ಇನ್ನೂ 60 ವರ್ಷ ಬೇಕಾಯಿತು. ಇಂಥ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ, ದೋಷ ಮರುಕಳಿಸುವ ಅಪಾಯ ಶೇಕಡಾ 72ರಷ್ಟು ಇಳಿಯಿತೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ ತೋರಿಸಿತು.

ಬಸಿರನ್ನು ಮುಂಚೆಯೇ ಯೋಜಿಸದವರಿಗೆ ಮಾತ್ರೆ ತಲುಪಿಸುವುದು ಹೇಗೆ? ದಿನದ ಊಟಕ್ಕೇ ಬೆರೆಸುವುದು ಅಮೆರಿಕ ಕಂಡುಕೊಂಡ ದಾರಿ. ಅಲ್ಲಿ 1998ರಿಂದ, ಪೋಷಕಾಂಶ ಸೇರಿಸಿ ಮಾರುವ ಹಿಟ್ಟಿನ 100 ಗ್ರಾಂಗೆ 140 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಕಡ್ಡಾಯ. ಈ ದೋಷಗಳು ಅಲ್ಲಿ ಸುಮಾರು ಮೂರನೇ ಒಂದು ಪಾಲು ಇಳಿದವು.

ಗೋಧಿ, ರಾಗಿ, ಜೋಳವನ್ನು ಓಣಿಯ ಗಿರಣಿಯಲ್ಲಿ ಬೀಸಿಸಿಕೊಳ್ಳುವ ನಮ್ಮ ಮನೆಗಳಿಗೆ ಆ ದಾರಿ ಹೊಂದುವುದಿಲ್ಲ. ಇಲ್ಲಿ ಆರಿಸಿಕೊಂಡದ್ದು ನ್ಯಾಯಬೆಲೆ ಅಂಗಡಿಯ ಸಾರವರ್ಧಿತ ಅಕ್ಕಿಯನ್ನು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳುಗಳನ್ನು ಸಾಮಾನ್ಯವಾಗಿ 100 ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಪ್ಲಾಸ್ಟಿಕ್ ಅಕ್ಕಿಯೆಂದು ಹೆದರಿ ಹಲವರು ಆರಿಸಿ ಎಸೆಯುವುದು ಇದೇ ಕಾಳುಗಳನ್ನು. ಎಸೆಯಬಾರದು. ಆದರೆ ಲೆಕ್ಕವನ್ನೂ ನೋಡಬೇಕು: ಕಿಲೋ ಅಕ್ಕಿಯಲ್ಲಿ ಇರಬೇಕಾದ ಫೋಲಿಕ್ ಆಮ್ಲ 75ರಿಂದ 125 ಮೈಕ್ರೋಗ್ರಾಂ. ಕಾಲು ಕಿಲೋ ಉಂಡರೂ ಸಿಗುವುದು ಹೆಚ್ಚೆಂದರೆ 31. ಬಸಿರಾಗಬಹುದಾದ ಹೆಂಗಸಿಗೆ ಹೆಚ್ಚುವರಿಯಾಗಿ ಬೇಕಾದದ್ದು ದಿನಕ್ಕೆ 400. ಈ ಅಕ್ಕಿ ಮಾತ್ರೆಯ ಬದಲಿಯಾಗಲಾರದು.

ಮಾತ್ರೆಗಳಲ್ಲೂ ಸಮಯ, ಪ್ರಮಾಣ ಎರಡೂ ತಪ್ಪುತ್ತವೆ. ಬಸುರಿಯರಿಗೆ ಸರ್ಕಾರ ಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ಶುರುವಾಗುತ್ತದೆ; ಅದು ರಕ್ತಹೀನತೆಗೆ ಮದ್ದು, ನರಕೊಳವೆಗೆ ತಡ. ಬಸುರಿಯಲ್ಲದವರಿಗೆ ವಾರಕ್ಕೊಮ್ಮೆ ಕೊಡುವ ಮಾತ್ರೆಯಲ್ಲಿರುವುದು 500 ಮೈಕ್ರೋಗ್ರಾಂ, ಆದರೆ ವಿಶ್ವ ಆರೋಗ್ಯ ಸಂಸ್ಥೆ ವಾರದ ಮಾತ್ರೆಗೆ ಹೇಳುವುದು 2,800. ಹಾಗಾಗಿ ಮದುವೆಯಾದ ಹೊಸತರಲ್ಲೇ, ಅಥವಾ ಮಗು ಬೇಕೆಂದುಕೊಂಡ ಕೂಡಲೇ, 400 ಮೈಕ್ರೋಗ್ರಾಂ ಮಾತ್ರೆಯನ್ನು ದಿನವೂ ನುಂಗತೊಡಗಿ ಬಸಿರಿಗೆ ಮೂರು ತಿಂಗಳು ತುಂಬುವವರೆಗೆ ಮುಂದುವರಿಸುವುದು ಸರಿಯಾದ ಕ್ರಮ. ಔಷಧಿ ಅಂಗಡಿಯಲ್ಲಿ ಇದರ ಬೆಲೆಯೂ ಹೆಚ್ಚಲ್ಲ.

ಸೊಪ್ಪು, ಹೆಸರುಕಾಳು, ಅಲಸಂದೆಯಲ್ಲಿ ಫೋಲೇಟ್ ಚೆನ್ನಾಗಿದೆ, ಆದರೆ ಬೇಯಿಸಿದಾಗ ಒಂದಷ್ಟು ನಾಶವಾಗಿ ಒಂದಷ್ಟು ನೀರಿಗೆ ಇಳಿಯುತ್ತದೆ. ಬಸಿದ ನೀರನ್ನೇ ಸಾರು ಮಾಡುವ ಬಸ್ಸಾರು ಈ ವಿಷಯದಲ್ಲಿ ಒಳ್ಳೆಯ ಅಡುಗೆ.

ಹಿಂದಿನ ಮಗುವಿಗೆ ನರಕೊಳವೆ ದೋಷವಿದ್ದವರಿಗೆ ಹತ್ತು ಪಟ್ಟು, ಅಂದರೆ 4 ಮಿಲಿಗ್ರಾಂ ಬೇಕಾಗುತ್ತದೆ. ಅವರೂ ಮೂರ್ಛೆರೋಗಕ್ಕೆ ವ್ಯಾಲ್ಪ್ರೊಯೇಟ್ ನುಂಗುತ್ತಿರುವವರೂ ಬಸಿರಿಗೆ ಮುಂಚೆಯೇ ವೈದ್ಯರನ್ನು ಕಾಣಬೇಕು. ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲವು ಬಿ12 ಕೊರತೆಯ ರಕ್ತಹೀನತೆಯನ್ನು ಮರೆಮಾಚಿ ನರಗಳ ಹಾನಿ ತಿಳಿಯದಂತೆ ಮಾಡಬಲ್ಲದು. ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆಯನ್ನೂ ಆಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು.