ಹಟ್ಟಿ ಬಿಟ್ಟು ಮೂರು ದಿನ

ಕೃಷಿಕನಿಗೆ ರಜೆ ಎಲ್ಲಿಂದ ಎಂದು ಕೇಳುವವರೇ ಹೆಚ್ಚು. ಮುಯ್ಯಾಳಿನ ಲೆಕ್ಕದಲ್ಲಿ ಹಟ್ಟಿ, ತೋಟ ಒಪ್ಪಿಸಿ ನಾವು ಗಂಡ ಹೆಂಡತಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದ ಅನುಭವ ಇದು.

ಅಮೆರಿಕದಲ್ಲಿ ಕೆಲಸದಲ್ಲಿರುವ ತಂಗಿಯ ಮಗ 2024ರ ಮಳೆಗಾಲದಲ್ಲಿ ಒಮ್ಮೆ ಫೋನು ಮಾಡಿದ. ಶನಿವಾರ, ಭಾನುವಾರದ ಜೊತೆಗೆ ಎರಡು ದಿನ ರಜೆ ಸೇರಿಸಿಕೊಂಡು ಪೆರು ದೇಶಕ್ಕೆ, ಆಂಡಿಸ್ ಬೆಟ್ಟದ ಮೇಲೆ ಹೋಗಿ ಬಂದನಂತೆ. "ಮಾವ, ನೀವು ನೋಡಲೇಬೇಕು. ಬೆಟ್ಟದ ಮೇಲೆಲ್ಲ ಕೃಷಿ. ಒಂದ್ಸಲ ಬನ್ನಿ" ಎಂದ. ನಾನು ನಕ್ಕೆ. "ಹಾಲು ಕರೆಯೋದು ಯಾರು ಮಾರಾಯ?"

ನನ್ನ ಹೆಂಡತಿ ಮಾತ್ರ ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: "ಪೆರು ಬೇಡ. ಬೆಂಗ್ಳೂರಿಗಾದ್ರೂ ಹೋಪ. ನಾವಿಬ್ರೂ ಒಟ್ಟಿಗೆ ಮನೆ ಬಿಟ್ಟು ಮಲಗಿದ್ದು ಯಾವಾಗ, ನೆನಪುಂಟಾ?"

ನೆನಪಿರಲಿಲ್ಲ. ಮದುವೆಗೋ ಬೊಜ್ಜಕ್ಕೋ ನಾನು ಹೋದರೆ ಅವಳು ಮನೆಯಲ್ಲಿ. ಅವಳು ತವರಿಗೆ ಹೋದರೆ ನಾನು ಹಟ್ಟಿಯಲ್ಲಿ. ಕುಂದಾಪುರದ ಕಡೆಯ ಎರಡೂವರೆ ಎಕರೆಯ ಸಂಸಾರ ನಮ್ಮದು. ಎರಡು ದನ, ಒಂದು ಕರು, ಸ್ವಲ್ಪ ಅಡಿಕೆ ತೆಂಗು, ಒಂದು ಎಕರೆ ಗದ್ದೆ. ಭತ್ತ ಕೊಯ್ದ ಮೇಲೆ ಆ ಗದ್ದೆಗೆ ನೆಲಗಡಲೆ ಬಿತ್ತುತ್ತೇವೆ. ಹಾಗಾದರೆ ನೆಲಗಡಲೆಯ ಜಾತ್ರೆಗೇ ಹೋಗುವ ಎಂದು ಅಂದೇ ತೀರ್ಮಾನವಾಯಿತು.

ದಿನ ಗೊತ್ತು ಮಾಡುವುದು

ಬಸವನಗುಡಿಯ ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಸೌರಮಾನ ನೋಡುವ ನಮ್ಮ ಕಡೆಯವರು ಇದಕ್ಕೆ ಚಾಂದ್ರಮಾನದ ಕಾರ್ತಿಕವನ್ನೇ ನೋಡಬೇಕು. ಇಸವಿಯ ಲೆಕ್ಕದಲ್ಲಿ ತಾರೀಕು ತುಂಬಾ ಓಡಾಡುತ್ತದೆ. 2023ರಲ್ಲಿ ಡಿಸೆಂಬರ್ 11, 2024ರಲ್ಲಿ ನವೆಂಬರ್ 25, 2025ರಲ್ಲಿ ನವೆಂಬರ್ 17. ಅಧಿಕ ಮಾಸ ಬಂದ ವರ್ಷ ಮತ್ತೆ ಡಿಸೆಂಬರಿಗೆ ಜಿಗಿಯುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಹಾಗೆಯೇ.

ಇದು ನಮಗೆ ಸಣ್ಣ ವಿಷಯ ಅಲ್ಲ. ಗದ್ದೆಯ ಪಸೆ ಆರುವ ಮೊದಲು ನೆಲಗಡಲೆ ಬಿತ್ತಬೇಕು. ಡಿಸೆಂಬರಿನಲ್ಲಿ ಪರಿಷೆ ಬಂದರೆ ಅದು ಬಿತ್ತನೆಯ ಹೊತ್ತು, ಏಳುವ ಹಾಗಿಲ್ಲ. ನವೆಂಬರ್ ಕೊನೆಯಾದರೆ ಕೊಯ್ಲು ಮುಗಿದು ಉಳುಮೆಗೆ ಮೊದಲು ಒಂದು ವಾರ ಬಿಡುವು ಸಿಗುತ್ತದೆ. 2024 ಅಂಥ ವರ್ಷ. ಶುಕ್ರವಾರ ರಾತ್ರಿ ಹೊರಟು ಮಂಗಳವಾರ ಬೆಳಿಗ್ಗೆ ಮನೆ ಎಂದು ಲೆಕ್ಕ ಹಾಕಿದೆವು.

ಉದ್ಘಾಟನೆ ಸೋಮವಾರವಾದರೂ ಅಂಗಡಿಗಳು ಶನಿವಾರವೇ ಬಂದಿರುತ್ತವೆ. ಸೋಮವಾರ ಕಾಲಿಡಲು ಜಾಗ ಇರುವುದಿಲ್ಲ. 2025ರಲ್ಲಿ ಐದು ದಿನ ಪರಿಷೆ ನಡೆಯಿತು.

ಹಟ್ಟಿ ಒಪ್ಪಿಸುವುದು

ನಿಜವಾದ ಕೆಲಸ ಇದೇ. ಸಂಬಳದ ಆಳು ಸಿಗುವುದಿಲ್ಲ, ಸಿಕ್ಕರೂ ದನ ಹತ್ತಿರ ಬಿಡಬೇಕಲ್ಲ? ಪಕ್ಕದ ಮನೆಯವರ ಸ್ಥಿತಿಯೂ ನಮ್ಮದೇ. ಅವರಿಗೂ ಎರಡು ದನ. ಮಗಳ ಮನೆಗೆ ಒಟ್ಟಿಗೆ ಹೋಗದೆ ಅವರಿಗೂ ವರ್ಷಗಳಾಗಿದ್ದವು. ನಮ್ಮ ಹಿರಿಯರು ನೇಜಿಗೆ, ಕೊಯ್ಲಿಗೆ ಮುಯ್ಯಾಳು ಮಾಡುತ್ತಿದ್ದರು. ಅದನ್ನೇ ರಜೆಗೂ ಮಾಡಿದರೇನು ಎಂದು ಕೇಳಿದೆ. ಈಗ ಅವರು ನಮ್ಮ ಹಟ್ಟಿ ನೋಡುವುದು, ಜನವರಿಯಲ್ಲಿ ನಾವು ಅವರದ್ದು. ದುಡ್ಡಿನ ಮಾತಿಲ್ಲ.

ಅಳಿಯನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ಖುಷಿಯಾಗಿ, "ಮಾವ, ಅಲ್ಲಿಯೂ ಇದೇ ಉಂಟು!" ಎಂದ. ಆಂಡಿಸಿನ ಕೆಚುವಾ ಜನರಲ್ಲಿ ಇದಕ್ಕೆ 'ಐನಿ' ಎಂಬ ಹೆಸರು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕುಸ್ಕೊ ಪಟ್ಟಣದ ಹತ್ತಿರ ಪಿಸಾಕ್ ಎಂಬಲ್ಲಿ ಕೆಲವು ಹಳ್ಳಿಗಳ ರೈತರು ತಮ್ಮ ಜಮೀನು ಒಟ್ಟು ಸೇರಿಸಿ 'ಆಲೂಗಡ್ಡೆ ಉದ್ಯಾನ' ಮಾಡಿಕೊಂಡಿದ್ದಾರೆ. ಸಾವಿರಕ್ಕೂ ಮಿಕ್ಕಿ ಆಲೂಗಡ್ಡೆ ತಳಿಗಳನ್ನು ಅಲ್ಲಿ ಉಳಿಸಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬನೇ ಆದರೆ ಆಗುವ ಕೆಲಸವಲ್ಲ.

ನಾವು ಮಾಡಿಕೊಂಡ ತಯಾರಿ ಹೀಗಿತ್ತು:

ಹೊರಡುವ ಎಂಟು ದಿನ ಮೊದಲೇ ಪಕ್ಕದ ಮನೆಯಾಕೆ ಸಂಜೆ ಬಂದು ನಮ್ಮ ದನ ಕರೆಯಲು ಸುರು ಮಾಡಿದರು. ಮೊದಲೆರಡು ದಿನ ನನ್ನ ಹೆಂಡತಿ ಪಕ್ಕದಲ್ಲಿ ನಿಂತಿದ್ದಳು, ಆಮೇಲೆ ನಿಲ್ಲಲಿಲ್ಲ. ಕೈ ಬದಲಾದರೆ ದನ ಹಾಲು ಬಿಗಿಹಿಡಿಯುತ್ತದೆ. ಆ ಜಗಳ ನಾವು ಮನೆಯಲ್ಲಿರುವಾಗಲೇ ಮುಗಿಯಬೇಕು.

ಯಾವ ದನಕ್ಕೆ ಎಷ್ಟು ಹಿಂಡಿ, ಅಕ್ಕಚ್ಚು ಯಾವಾಗ, ಡೈರಿಗೆ ಹಾಲು ಎಷ್ಟು ಗಂಟೆಗೆ, ತೋಟಕ್ಕೆ ಯಾವ ದಿನ ಯಾವ ಗೇಟುವಾಲ್ವು ಎಂದು ರಟ್ಟಿನಲ್ಲಿ ಬರೆದು ಹಟ್ಟಿಯ ಕಂಬಕ್ಕೆ ಕಟ್ಟಿದೆ. ದನದ ಡಾಕ್ಟರರ ಫೋನು ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದೆ.

ನಾಲ್ಕು ದಿನದ ಬೈಹುಲ್ಲನ್ನು ಅಟ್ಟದಿಂದ ಇಳಿಸಿಟ್ಟೆವು. ಬೇರೆಯವರ ಅಟ್ಟಕ್ಕೆ ಅವರನ್ನು ಹತ್ತಿಸುವುದು ಸರಿಯಲ್ಲ.

ಅಲ್ಲಿ ನೋಡಿದ್ದು

ಸಾರಿಗೆ ನಿಗಮದ ಕೆಂಪು ಬಸ್ಸಿನಲ್ಲಿ ಹೋದೆವು. ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಈ ಸವಲತ್ತು ಇಲ್ಲ ಎಂಬುದು ನೆನಪಿರಲಿ.

ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 1,400 ಮೀಟರಿಗೂ ಹೆಚ್ಚು ಮೇಲೆ. ಅಳಿಯ ಮೊದಲ ದಿನವೇ ಓಡಾಡಿ, ತಲೆನೋವು ಬಂದು ಮರುದಿನ ಇಡೀ ಮಲಗಿದ್ದನಂತೆ. ಬೆಂಗಳೂರು 900 ಮೀಟರ್ ಚಿಲ್ಲರೆ, ಆ ತೊಂದರೆ ಇಲ್ಲ. ಆದರೆ ರಾತ್ರಿ ಬಸ್ಸಿನಲ್ಲಿ ಕೂತು ಬಂದ ಸೊಂಟಕ್ಕೆ ಬುದ್ಧಿ ಒಂದೇ. ಶನಿವಾರ ಹಗುರ ಇಟ್ಟುಕೊಂಡೆವು. ಚಾಮರಾಜಪೇಟೆಯ ಒಂದು ಛತ್ರದಲ್ಲಿ ಕೋಣೆ ಹೇಳಿಟ್ಟಿದ್ದೆ. ಹೋದರೆ, ಅದನ್ನು ಮದುವೆ ದಿಬ್ಬಣಕ್ಕೆ ಕೊಟ್ಟಾಗಿತ್ತು! ಒಂದು ಗಂಟೆ ಚೀಲ ಹೊತ್ತು ತಿರುಗಿ ಬೇರೆ ಹುಡುಕಿದೆವು. ಬಾಯಿಮಾತು ಸಾಲದು, ಮುಂಗಡ ಕಟ್ಟಿ ರಶೀದಿ ಪಡೆಯಿರಿ.

ಸಂಜೆ ಮಲ್ಲೇಶ್ವರ. ಮೆಜೆಸ್ಟಿಕ್ಕಿನಿಂದ ಮೆಟ್ರೋದ ಹಸಿರು ಗೆರೆಯಲ್ಲಿ ಒಂದೇ ನಿಲ್ದಾಣ. ಕಾಡು ಮಲ್ಲೇಶ್ವರನ ಗುಡಿ, ಅದರ ಎದುರು ನಂದಿಯ ಬಾಯಿಂದ ನೀರು ಬೀಳುವ ಕಲ್ಯಾಣಿ. ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಇದನ್ನು 1997ರಲ್ಲಿ ತೋಡಿ ತೆಗೆದದ್ದು. ನೀರು ಕಂಡರೆ ನಿಲ್ಲುವುದು ನಮ್ಮ ಜಾತಿಬುದ್ಧಿ. ಅರ್ಧ ಗಂಟೆ ಅಲ್ಲೇ ಕೂತೆವು.

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್, ಮಧ್ಯಾಹ್ನದ ಮೇಲೆ ಗಾಂಧಿಬಜಾರ್. ತರಕಾರಿ ಸಾಲಿನಲ್ಲಿ ಅಳಿಯನ ಆಂಡಿಸ್ ನಮಗೂ ಕಂಡಿತು. ಆಲೂಗಡ್ಡೆ ಆ ಬೆಟ್ಟದ್ದೇ ಬೆಳೆ. ಬೆಂಗಳೂರಿನವರು ಆಸೆಪಟ್ಟು ತಿನ್ನುವ ಡಬಲ್ ಬೀನ್ಸಿನ ದೊಡ್ಡ ಕಾಳಿನ ಜಾತಿಯ ತವರೂ ಅದೇ. ಪೆರುವಿನ ರಾಜಧಾನಿ ಲಿಮಾದ ಹೆಸರಿನಿಂದಲೇ ಇಂಗ್ಲಿಷಿನಲ್ಲಿ ಅದನ್ನು ಲಿಮಾ ಬೀನ್ಸ್ ಎನ್ನುವುದು. ಟೊಮೆಟೋದ ಕಾಡು ನೆಂಟರು ಇಂದಿಗೂ ಆ ಇಳಿಜಾರುಗಳಲ್ಲಿ ಇವೆ.

ನೆಲಗಡಲೆಯೂ ಅಲ್ಲಿಯದೇ. ಆಂಡಿಸಿನ ಪೂರ್ವದ ತಪ್ಪಲಲ್ಲಿ, ದಕ್ಷಿಣ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಕಡೆ, ಎರಡು ಕಾಡು ಜಾತಿಗಳು ಬೆರೆತು ಇದು ಹುಟ್ಟಿತು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 1987ರಲ್ಲಿ ಪೆರುವಿನ ಸಿಪಾನ್ ಎಂಬಲ್ಲಿ ಹಳೆಯ ದೊರೆಯೊಬ್ಬನ ಗೋರಿ ಸಿಕ್ಕಿತು. ಅವನ ಕೊರಳಲ್ಲಿ ಚಿನ್ನ, ಬೆಳ್ಳಿಯಲ್ಲಿ ಮಾಡಿದ ನೆಲಗಡಲೆ ಕಾಯಿಗಳ ಹಾರ!

ಪರಿಷೆಯಲ್ಲಿ

ಸೋಮವಾರ ಬೆಳಗ್ಗೆ ಆರಕ್ಕೇ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದೆವು. ಇದು ಮೆಜೆಸ್ಟಿಕ್ಕಿನಿಂದ ಮೂರನೆಯದು. ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿ. ಹಸಿ, ಬೇಯಿಸಿದ್ದು, ಹುರಿದದ್ದು. ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು. ಅಳತೆ ಸೇರಿನಲ್ಲಿ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಇಲ್ಲಿ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಎಂಬ ಹಳ್ಳಿಗಳಿದ್ದವು. ಹುಣ್ಣಿಮೆ ರಾತ್ರಿ ಬಸವ ಬಂದು ರೈತರ ಕಡಲೆಕಾಯಿ ಹೊಲ ಮೇಯುತ್ತಿತ್ತು. ಬೆನ್ನಟ್ಟಿದರೆ ಕಲ್ಲಾಯಿತು. ರೈತರು ತಪ್ಪೊಪ್ಪಿಕೊಂಡು ಮೊದಲ ಫಸಲನ್ನು ಅದಕ್ಕೇ ಒಪ್ಪಿಸಲು ಸುರು ಮಾಡಿದರು. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಆ ಹೊಲಗಳನ್ನು ನುಂಗಿತು. ಹೊಲ ಹೋಯಿತು, ಹರಕೆ ಉಳಿಯಿತು. ಬೇರೆ ಊರುಗಳ ಕಾಯಿ ಇಲ್ಲಿಗೆ ಬರುತ್ತದೆ. ಸುಮಾರು 15 ಅಡಿ ಎತ್ತರದ ಆ ಕಲ್ಲು ಬಸವನ ಮೇಲೆ ಕಡಲೆಕಾಯಿ ಸುರಿಯುವುದನ್ನು ನೋಡುವಾಗ ನನಗೆ ನಮ್ಮ ಗದ್ದೆಗೆ ನುಗ್ಗುವ ಬೀಡಾಡಿ ಗೂಳಿಯ ನೆನಪಾಗಿ ನಗು ಬಂತು.

ಮಾರುವವರಲ್ಲಿ ಕೊಂಡು ತಂದವರೂ ಇದ್ದಾರೆ, ಬೆಳೆದು ತಂದವರೂ ಇದ್ದಾರೆ. ಕೇಳಿದರೆ ಮುಚ್ಚುಮರೆ ಮಾಡುವುದಿಲ್ಲ. ಚಿಂತಾಮಣಿ ಕಡೆಯ ಒಬ್ಬ ಹೆಂಗಸು ಬೆಳೆದು ತಂದವರು. ನಮ್ಮ ಗದ್ದೆಯಲ್ಲಿ ಜೊಳ್ಳು ಕಾಯಿ ಜಾಸ್ತಿ ಎಂದು ನಾನು ಹೇಳಿದ್ದೇ ತಡ, "ಜಿಪ್ಸಂ ಹಾಕ್ತೀರಾ ಅಣ್ಣ?" ಎಂದರು. ಹಾಕುತ್ತಿರಲಿಲ್ಲ. ಹೂ ಬಂದು ಸೂಜಿ ನೆಲಕ್ಕಿಳಿಯುವ ಹೊತ್ತಿಗೆ ಬುಡಕ್ಕೆ ಕೊಟ್ಟು ಮಣ್ಣು ಏರಿಸಬೇಕಂತೆ. ಕಾಯಿ ತುಂಬಲು ಬೇಕಾದ ಸುಣ್ಣದ ಅಂಶವನ್ನು ಕಾಯಿಯೇ ಮಣ್ಣಿನಿಂದ ನೇರ ಹೀರುತ್ತದೆ, ಬೇರು ಕೊಟ್ಟದ್ದು ಸಾಲುವುದಿಲ್ಲ. ಎಕರೆಗೆ 200 ಕೆಜಿ ಎಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಕೂಡ.

ಎರಡು ರಾತ್ರಿ ಚೀಲಗಳ ಪಕ್ಕವೇ ಫುಟ್‌ಪಾತಿನಲ್ಲಿ ಮಲಗಿದ್ದರು. ಮನೆಯಲ್ಲಿ ಹಸು ಯಾರು ನೋಡುತ್ತಾರೆ ಎಂದು ನನ್ನ ಹೆಂಡತಿ ಕೇಳಿದಳು. "ನಮ್ ವಾರಗಿತ್ತಿ ನೋಡ್ಕೊಂತಾಳೆ. ಅವ್ಳು ಸಂತೆಗೋದ್ರೆ ನಾನು. ಇಲ್ದಿದ್ರೆ ಆಯ್ತದಾ ಅಕ್ಕ?" ಇಬ್ಬರೂ ನಕ್ಕರು. ಪೇಟೆಯವರಿಗೆ ರಜೆಯ ಮೋಜಾದ ಪರಿಷೆ ಆಕೆಗೆ ದುಡಿಮೆ. ನಾವು ಚೌಕಾಸಿ ಮಾಡದೆ ಐದು ಸೇರು ಹಸಿಕಾಯಿ ಕೊಂಡೆವು.

ತಪ್ಪಿದ್ದು

ಬಟ್ಟೆಚೀಲ ಒಯ್ಯಲು ಮರೆತಿದ್ದೆ. ಹಸಿಕಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಬಸ್ಸಿನಡಿಯ ಡಿಕ್ಕಿಗೆ ಹಾಕಿದೆ. ಮನೆಗೆ ಬಂದು ಬಿಡಿಸುವುದು ಗುರುವಾರವಾಯಿತು. ಬಾಯಿ ಬಿಚ್ಚಿದರೆ ಬಿಸಿ ಹಬೆ, ಬೂಷ್ಟು. "ದನಕ್ಕೆ ಹಾಕುವ" ಎಂದೆ. ಹೆಂಡತಿ ಬಿಡಲಿಲ್ಲ. ಅವಳೇ ಸರಿ. ನೆಲಗಡಲೆಯ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ದನ ತಿಂದರೆ ಹಾಲಿಗೂ ಇಳಿಯುತ್ತದೆ. ಐದೂ ಸೇರು ಹೊಂಡಕ್ಕೆ. ಗಾಳಿಯಾಡುವ ಚೀಲದಲ್ಲಿ ತಂದು, ಬಂದ ದಿನವೇ ಹರಡಿ, ಇಲ್ಲವೇ ಬೇಯಿಸಿ. ಪರಿಷೆಯ ಕಾಯಿಯನ್ನು ಬಿತ್ತನೆಗೆ ನಂಬಬೇಡಿ, ತಳಿ ಯಾವುದೆಂದು ತಿಳಿಯುವುದಿಲ್ಲ.

ದನಗಳು? ಮೊದಲ ದಿನ ಒಂದು ಲೀಟರ್ ಕಡಿಮೆ ಕೊಟ್ಟಿದ್ದವಂತೆ, ಮತ್ತೆ ಸರಿಯಾದವು. ನಾವು ಹಟ್ಟಿಗೆ ಹೋದಾಗ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. "ಇಷ್ಟೇಯಾ!" ಎಂದಳು ಇವಳು, ಸ್ವಲ್ಪ ಬೇಜಾರಿನಲ್ಲೇ.

ಜನವರಿಯಲ್ಲಿ ಪಕ್ಕದ ಮನೆಯವರು ನಾಲ್ಕು ದಿನ ಮಗಳ ಮನೆಗೆ ಹೋದರು. ಅವರ ಒಂದು ದನ ನನಗೆ ಎರಡು ಸಲ ಒದ್ದಿತು. ಎಂಟು ದಿನ ಮೊದಲೇ ಹೋಗಿ ಕರೆಯಲು ನಾನು ಉದಾಸೀನ ಮಾಡಿದ್ದೆ. ಮುಂದಿನ ಸಲಕ್ಕೆ ಮೂರನೆಯ ಮನೆಯವರೂ ಸೇರುತ್ತೇವೆ ಎಂದಿದ್ದಾರೆ. ಮೂರು ಹಟ್ಟಿ ಸೇರಿದರೆ ಯಾರಿಗೂ ಭಾರವಾಗದು. ನಿಮ್ಮ ಬೇಲಿಯಾಚೆಯೂ ಹೀಗೆಯೇ ಕಟ್ಟಿಹಾಕಿಸಿಕೊಂಡವರು ಇದ್ದಾರು. ಒಮ್ಮೆ ಕೇಳಿ ನೋಡಿ.