ಆಕಾಶವನ್ನು ಕಾಯಿಸಿದ ಅಗ್ಗಿಷ್ಟಿಕೆ

ನಮ್ಮ ನಾಡಿನಲ್ಲಿ ಬೆಂಕಿ ಮನೆಯೊಳಕ್ಕೆ ಬರುವುದು ಅನ್ನ ಬೇಯಿಸಲು, ಇಲ್ಲವೆ ಬಚ್ಚಲ ಹಂಡೆಯ ನೀರು ಕಾಯಿಸಲು. ಮೈ ಕಾಯಿಸಿಕೊಳ್ಳುವುದಕ್ಕೆಂದೇ ಕೋಣೆಯೊಳಗೆ ಬೆಂಕಿಯನ್ನಿಟ್ಟುಕೊಳ್ಳುವ ಅಗತ್ಯ ನಮ್ಮಲ್ಲಿ ಹೆಚ್ಚಿನವರಿಗೆ ಬಂದಿಲ್ಲ. ಶೀತದೇಶಗಳ ಮಾತು ಬೇರೆ. ಇಂಗ್ಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಚಳಿಗಾಲದ ಸಂಸಾರವೆಲ್ಲ ಅಗ್ಗಿಷ್ಟಿಕೆಯ ಸುತ್ತಲೇ ನಡೆಯುತ್ತಿತ್ತು. ಗೋಡೆಯಲ್ಲೊಂದು ಗೂಡು, ಅದರೊಳಗೆ ಕಬ್ಬಿಣದ ಜಾಲರಿ, ಅದರ ಮೇಲೆ ಕೆಂಡವಾಗಿ ಹೊಳೆಯುವ ಕಲ್ಲಿದ್ದಲು, ಛಾವಣಿಯನ್ನು ಸೀಳಿಕೊಂಡು ಮೇಲೇರುವ ಹೊಗೆಗೂಡು: ಇಷ್ಟೇ ಅದರ ರಚನೆ. ಆ ಬೆಂಕಿಯ ಮುಂದೆ ಬೆಳೆದವರು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಆ ನೆನಪನ್ನು ಭೌತವಿಜ್ಞಾನದ ತಕ್ಕಡಿಯಲ್ಲಿಟ್ಟು ತೂಗಿದರೆ ಏನಾಗುತ್ತದೆಂಬುದನ್ನು ನೋಡೋಣ.

ಮುಖಕ್ಕೆ ಬೇಸಿಗೆ, ಬೆನ್ನಿಗೆ ಚಳಿಗಾಲ

ಆ ಮನೆಗಳ ದಿನಚರಿ ಬೂದಿಯಿಂದ ಆರಂಭವಾಗುತ್ತಿತ್ತು. ಬೆಳಗ್ಗೆ ಮೊದಲು ಎದ್ದವರು ಹಿಂದಿನ ದಿನದ ಬೂದಿಯನ್ನು ಬಳಿದು, ಮುದುಡಿದ ವೃತ್ತಪತ್ರಿಕೆ, ಅದರ ಮೇಲೆ ಸೌದೆಯ ಚಕ್ಕೆ, ಅದರ ಮೇಲೆ ಕಲ್ಲಿದ್ದಲು, ಹೀಗೆ ಜೋಡಿಸಿ ಉರಿ ಹೊತ್ತಿಸಬೇಕು. ಉರಿ ಹಿಡಿಯದಿದ್ದರೆ ಗೂಡಿನ ಬಾಯಿಗೆ ಅಡ್ಡಲಾಗಿ ಒಂದು ಅಗಲವಾದ ಕಾಗದವನ್ನು ಹಿಡಿಯುತ್ತಿದ್ದರು. ಆಗ ಗಾಳಿಗೆ ಜಾಲರಿಯ ಕೆಳಗಿನಿಂದಲ್ಲದೆ ಬೇರೆ ದಾರಿಯಿಲ್ಲ; ಅದು ಕಲ್ಲಿದ್ದಲಿನ ನಡುವೆಯೇ ನುಗ್ಗಿ ಉರಿಯನ್ನು ಎಬ್ಬಿಸುತ್ತಿತ್ತು. ಕಲ್ಲಿದ್ದಲು ಮಾರುವವನು ಸುಮಾರು 50 ಕಿಲೋಗ್ರಾಂ ತೂಕದ ಚೀಲಗಳನ್ನು ಬೆನ್ನ ಮೇಲೆ ಹೊತ್ತು ತಂದು, ಎಷ್ಟೋ ನಗರಗಳಲ್ಲಿ ಕಾಲುದಾರಿಯ ಮೇಲಿನ ಗುಂಡಾದ ಕಬ್ಬಿಣದ ಮುಚ್ಚಳವನ್ನೆತ್ತಿ ನೆಲಮಾಳಿಗೆಗೆ ಸುರಿಯುತ್ತಿದ್ದನು.

ಬೆಂಕಿಯಿದ್ದ ಕೋಣೆಯನ್ನು ಬಿಟ್ಟರೆ ಉಳಿದ ಮನೆಯೆಲ್ಲ ತಣ್ಣಗೆ. ಮಲಗುವ ಕೋಣೆಯ ಕಿಟಕಿಯ ಗಾಜಿನ ಒಳಮೈಯಲ್ಲಿಯೇ ಹಿಮ ಎಲೆಎಲೆಯಾಗಿ ಹೆಪ್ಪುಗಟ್ಟುತ್ತಿತ್ತು. ಬೆಂಕಿಯ ಮುಂದೆ ಕುಳಿತವರಿಗೂ ಪೂರ್ಣಸುಖವಿರಲಿಲ್ಲ. ಮುಖ ಬೇಯುತ್ತಿದ್ದರೆ ಬೆನ್ನು ಕೊರೆಯುತ್ತಿತ್ತು.

ತರಗತಿಯಲ್ಲಿ ನಾವು ಶಾಖಪ್ರಸಾರದ ಮೂರು ವಿಧಗಳನ್ನು ಹೇಳುವುದುಂಟು: ವಹನ, ಸಂವಹನ, ವಿಕಿರಣ. ತೆರೆದ ಅಗ್ಗಿಷ್ಟಿಕೆ ಕೋಣೆಗೆ ಕೊಡುವ ಶಾಖದ ಬಹುಪಾಲು ವಿಕಿರಣದ್ದು. ವಿಕಿರಣವು ಬೆಳಕಿನಂತೆ ನೇರವಾಗಿ ಸಾಗಿ, ತಾನು ಬಿದ್ದ ಮೈಯನ್ನು ಕಾಯಿಸುತ್ತದೆ. ನಡುವಣ ಗಾಳಿಯನ್ನು ಹೆಚ್ಚಾಗಿ ಕಾಯಿಸುವುದಿಲ್ಲ. ಆದುದರಿಂದ ಕೆಂಡಕ್ಕೆ ಎದುರಾಗಿರುವ ಮುಖಕ್ಕೆ ಬೇಸಿಗೆ, ಮರೆಯಲ್ಲಿರುವ ಬೆನ್ನಿಗೆ ಚಳಿಗಾಲ. ಬೆಂಕಿಯಿಂದ ಕಾದ ಗಾಳಿಯಾದರೋ ಕೋಣೆಗೆ ಬರುವುದೇ ಇಲ್ಲ. ಹೊಗೆಯೊಡನೆ ಮೇಲೇರಿ ಹೊರಟುಹೋಗುತ್ತದೆ.

ಹೊಗೆಗೂಡಿನ ಲೆಕ್ಕ

ಹೊಗೆಗೂಡು ಸೆಳೆಯುವ ಬಲವೆಷ್ಟು? 10 ಮೀಟರ್ ಎತ್ತರದ ಒಂದು ಹೊಗೆಗೂಡನ್ನು ತೆಗೆದುಕೊಳ್ಳೋಣ. ಅದರೊಳಗಿನ ಅನಿಲದ ಸರಾಸರಿ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡ್, ಹೊರಗಿನ ಗಾಳಿಯದು 5 ಡಿಗ್ರಿ ಎಂದಿಟ್ಟುಕೊಳ್ಳೋಣ. ಹೊರಗಿನ ಒಂದು ಘನಮೀಟರ್ ಗಾಳಿಯ ರಾಶಿ ಸುಮಾರು 1.27 ಕಿಲೋಗ್ರಾಂ, ಒಳಗಿನದು ಸುಮಾರು 0.95 ಕಿಲೋಗ್ರಾಂ. ಈ ವ್ಯತ್ಯಾಸದಿಂದ ಗೂಡಿನ ಬುಡದಲ್ಲಿ ಹುಟ್ಟುವ ಒತ್ತಡದ ಅಂತರ 32 ಪ್ಯಾಸ್ಕಲ್‌ನಷ್ಟು, ಎಂದರೆ ಸುಮಾರು 3 ಮಿಲಿಮೀಟರ್ ನೀರಿನ ಕಂಬದಷ್ಟು. ನೋಡಲು ಅಲ್ಪ. ಆದರೆ ಹಗಲಿರುಳೂ ಕೋಣೆಯ ಗಾಳಿಯನ್ನು ಹೀರಿ ಹೊರಗೆ ಚೆಲ್ಲಲು ಅಷ್ಟೇ ಸಾಕು. ಹೋದ ಗಾಳಿಯ ಸ್ಥಾನಕ್ಕೆ ಬಾಗಿಲು ಕಿಟಕಿಗಳ ಸಂದಿನಿಂದ ಹೊರಗಿನ ತಣ್ಣನೆಯ ಗಾಳಿ ನುಗ್ಗುತ್ತದೆ. ಹೀಗೆ, ಉರಿಯನ್ನು ದೊಡ್ಡದು ಮಾಡಿದಷ್ಟೂ ಬೆನ್ನಿಗೆ ಬೀಸುವ ಚಳಿಗಾಳಿಯೂ ಹೆಚ್ಚುತ್ತಿತ್ತು! ಆ ಕಾಲದ ಆರಾಮಕುರ್ಚಿಗಳ ಬೆನ್ನು ಎತ್ತರವಾಗಿ, ಇಕ್ಕೆಲಗಳಲ್ಲಿ ರೆಕ್ಕೆಯಂತೆ ಮುಂಚಾಚಿರುತ್ತಿದ್ದುದು ಈ ಗಾಳಿಯನ್ನು ತಡೆಯಲೆಂದೇ.

ಇಂತಹ ಅಗ್ಗಿಷ್ಟಿಕೆಯಿಂದ ಕೋಣೆಗೆ ದಕ್ಕುತ್ತಿದ್ದ ಶಾಖ ಐದನೆಯ ಒಂದು ಪಾಲು, ಹೆಚ್ಚೆಂದರೆ ನಾಲ್ಕನೆಯ ಒಂದು ಪಾಲು. ಐದು ಚೀಲ ಕಲ್ಲಿದ್ದಲನ್ನು ಕೊಂಡವನು ಒಂದರಿಂದ ತನ್ನ ಮನೆಯನ್ನು ಕಾಯಿಸಿ, ನಾಲ್ಕರಿಂದ ಆಕಾಶವನ್ನು ಕಾಯಿಸುತ್ತಿದ್ದನೆಂದಾಯಿತು.

ಈ ದುಂದನ್ನು ಕಂಡು ಮರುಗಿದವನು ಕೌಂಟ್ ರಮ್‌ಫರ್ಡ್. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಶಾಖವನ್ನು ಪರೀಕ್ಷಿಸಿ, ಶಾಖವೆಂಬುದು ಒಂದು ದ್ರವ್ಯವಲ್ಲವೆಂದು 1798ರಲ್ಲಿ ವಾದಿಸಿದವನೆಂದು ವಿದ್ಯಾರ್ಥಿಗಳು ಅವನನ್ನು ಬಲ್ಲರು. ಅದಕ್ಕೆ ಎರಡು ವರ್ಷ ಮೊದಲೇ ಅವನು ಅಗ್ಗಿಷ್ಟಿಕೆಗಳ ಮೇಲೆ ಒಂದು ಪ್ರಬಂಧವನ್ನು ಪ್ರಕಟಿಸಿದ್ದನು. ಗೂಡನ್ನು ಆಳವಿಲ್ಲದಂತೆ ಕಟ್ಟಿ. ಪಕ್ಕದ ಗೋಡೆಗಳನ್ನು ಓರೆಯಾಗಿ ನಿಲ್ಲಿಸಿ, ಶಾಖ ಕೋಣೆಯ ಕಡೆಗೆ ತಿರುಗುತ್ತದೆ. ಹೊಗೆಗೂಡಿನ ಕಂಠವನ್ನು ನಾಲ್ಕು ಅಂಗುಲಕ್ಕೆ ಕಿರಿದುಗೊಳಿಸಿ, ಹೊಗೆ ಮಾತ್ರ ಹೋಗುತ್ತದೆ. ಇದು ಅವನ ಸೂತ್ರ. ಲಂಡನ್ನಿನ ಸಿರಿವಂತರು ತಮ್ಮ ಅಗ್ಗಿಷ್ಟಿಕೆಗಳನ್ನು ಈ ಕ್ರಮಕ್ಕೆ ತಿದ್ದಿಸಿಕೊಂಡರು. ದುಂದು ಕಡಿಮೆಯಾಯಿತು, ಹೊಗೆ ಉಳಿಯಿತು.

ಬೆಲೆ ತೆತ್ತವರು

ಸಾಧಾರಣ ಕಲ್ಲಿದ್ದಲಿನಲ್ಲಿ ಕಾದೊಡನೆ ಆವಿಯಾಗುವ ಟಾರಿನಂತಹ ಪದಾರ್ಥಗಳು ಬಹಳ. ಕೆಂಡದ ಮೇಲೆ ಹೊಸ ಕಲ್ಲಿದ್ದಲನ್ನು ಸುರಿದಾಗ ಅವು ಉರಿಯುವುದಕ್ಕೆ ಮೊದಲೇ ಮೇಲೇರಿ, ಕಪ್ಪು ಹೊಗೆಯಾಗಿ, ಗೂಡಿನ ಗೋಡೆಗೆ ಮಸಿಯಾಗಿ ಅಂಟುತ್ತವೆ. ಆ ಮಸಿಯನ್ನು ಕೆರೆಯಲು ಇಕ್ಕಟ್ಟಾದ ಹೊಗೆಗೂಡುಗಳೊಳಗೆ ಚಿಕ್ಕ ಹುಡುಗರನ್ನೇ ಹತ್ತಿಸುತ್ತಿದ್ದರು. ಹೊಗೆಗೂಡು ಗುಡಿಸುವವರಿಗೆ ಬರುವ ಒಂದು ವಿಧದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು 1775ರಲ್ಲಿಯೇ ತೋರಿಸಿಕೊಟ್ಟನು. ಆದರೂ ಆ ಪದ್ಧತಿಯನ್ನು ನಿಜವಾಗಿ ನಿಲ್ಲಿಸಿದ ಶಾಸನ ಬರಲು ಮತ್ತೊಂದು ನೂರು ವರ್ಷ, 1875ರವರೆಗೆ, ಕಾಯಬೇಕಾಯಿತು.

ಕೊನೆಯ ಎಚ್ಚರಿಕೆ 1952ರ ಡಿಸೆಂಬರ್ 5ರಂದು ಲಂಡನ್ನಿಗೆ ಬಂತು. ಸಾಮಾನ್ಯವಾಗಿ ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಬಿಸಿಹೊಗೆ ಸರಾಗವಾಗಿ ಮೇಲೇರುತ್ತದೆ. ಅಂದು ಗಾಳಿ ಬೀಸಲಿಲ್ಲ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತಿತು. ಕಾರ್ಖಾನೆಗಳ ಹೊಗೆಯ ಜೊತೆಗೆ ಲಕ್ಷಾಂತರ ಮನೆಗಳ ಹೊಗೆಯೂ ಅದರಡಿ ಸಿಕ್ಕಿಕೊಂಡಿತು. ಚಳಿ ಹೆಚ್ಚಾಯಿತೆಂದು ಜನ ಇನ್ನಷ್ಟು ಕಲ್ಲಿದ್ದಲನ್ನು ಸುರಿದರು. ಹೊಗೆ ಇನ್ನಷ್ಟು ದಟ್ಟವಾಯಿತು. ಗಂಧಕದ ಡೈಆಕ್ಸೈಡು ಮಂಜಿನ ಹನಿಗಳಲ್ಲಿ ಆಮ್ಲವಾಯಿತು. ಬಸ್ಸುಗಳ ಮುಂದೆ ನಿರ್ವಾಹಕರು ದೀಪ ಹಿಡಿದು ನಡೆದರು. ನಾಟಕಶಾಲೆಯೊಳಕ್ಕೂ ಮಂಜು ನುಗ್ಗಿದ್ದರಿಂದ ಸಂಗೀತನಾಟಕವೊಂದು ಮೊದಲ ಅಂಕಕ್ಕೇ ನಿಂತುಹೋಯಿತು. ಐದು ದಿನ ಕಳೆದು ಗಾಳಿ ಬೀಸಿತು. ಮೊದಲ ಎಣಿಕೆಯಂತೆ ಸತ್ತವರು ಸುಮಾರು 4,000. ಅನಂತರದ ಅಧ್ಯಯನಗಳು ಈ ಸಂಖ್ಯೆಯನ್ನು 12,000ದವರೆಗೂ ಏರಿಸಿವೆ. ಅವರಲ್ಲಿ ಮುದುಕರೂ ಶಿಶುಗಳೂ ಹಲವರು.

1956ರಲ್ಲಿ ಶುದ್ಧವಾಯು ಶಾಸನ ಬಂತು. ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕೋಕ್ ಮೊದಲಾದ ಹೊಗೆಯಿಲ್ಲದ ಇಂಧನವನ್ನೇ ಉರಿಸಬೇಕೆಂದಾಯಿತು. ಅಗ್ಗಿಷ್ಟಿಕೆಗಳನ್ನು ಬದಲಿಸಿಕೊಳ್ಳಲು ಧನಸಹಾಯವೂ ದೊರೆಯಿತು. 1965ರಲ್ಲಿ ಬ್ರಿಟನ್ನಿಗೆ ಸೇರಿದ ಉತ್ತರ ಸಮುದ್ರದಡಿ ನೈಸರ್ಗಿಕ ಅನಿಲ ಸಿಕ್ಕ ಮೇಲೆ, ಮನೆಯನ್ನೆಲ್ಲ ಬಿಸಿನೀರಿನ ಕೊಳವೆಗಳಿಂದ ಕಾಯಿಸುವ ಪದ್ಧತಿ ಹರಡಿತು. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳಿನಿಂದ, ಮನೆಯಲ್ಲಿ ಉರಿಸಲೆಂದು ಸಾಧಾರಣ ಕಲ್ಲಿದ್ದಲನ್ನು ಮಾರುವುದೇ ನಿಂತಿದೆ.

ಹಾಗಾದರೆ ಹಿರಿಯರ ನೆನಪು ಸುಳ್ಳೇ? ಅಲ್ಲ. ಕೆಂಡದ ವಿಕಿರಣ ಮುಖಕ್ಕೆ ಕೊಟ್ಟ ಸುಖ ನಿಜವಾದುದೇ. ಆದರೆ ಆ ಬೆಂಕಿಯ ಖರ್ಚನ್ನೆಲ್ಲ ಅದರ ಮುಂದೆ ಕುಳಿತವರೇ ಕೊಡಲಿಲ್ಲ. ಹೊಗೆಗೂಡು ಹತ್ತಿದ ಹುಡುಗನೂ, ಬೀದಿಯಲ್ಲಿ ಉಸಿರಾಡಿದ ಮುದುಕನೂ ಕೊಟ್ಟರು.

ಈ ಲೆಕ್ಕ ನಮಗೂ ಹೊರತಲ್ಲ. ಹೊಗೆ ತುಂಬಿದ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಸೌದೆಯೊಲೆ ಊದುವವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯ ಹಿಂದೆ ಇದ್ದುದೂ ರಮ್‌ಫರ್ಡನ ಪ್ರಶ್ನೆಯೇ: ಉರಿಸಿದ್ದರಲ್ಲಿ ಪಾತ್ರೆಗೆ ಸೇರುವುದೆಷ್ಟು, ಗಾಳಿಪಾಲಾಗುವುದೆಷ್ಟು, ಎದೆಗೂಡಿಗೆ ಹೋಗುವುದೆಷ್ಟು? ಯಾವ ಒಲೆಯನ್ನು ಕಂಡರೂ ವಿದ್ಯಾರ್ಥಿಗಳು ಮೊದಲು ಕೇಳಬೇಕಾದ ಪ್ರಶ್ನೆ ಅದೇ.