ಲ್ಯಾಬ್ ಬಿಡಬೇಕಾದವರು ಯಾರು?

ನರಸಿಂಹರಾಜಪುರದ ಹುಡುಗಿಯೊಬ್ಬಳು ಪಿಎಚ್‌.ಡಿ. ಮಾಡೋಕೆ ಬೆಂಗಳೂರಿಗೆ ಹೊರಟರೆ ಊರೇ ಹೆಮ್ಮೆಪಡುತ್ತೆ. ಆದರೆ ಅಲ್ಲಿ ಅವಳ ಪ್ರಯೋಗ, ಪ್ರಬಂಧ, ಶಿಫಾರಸು ಪತ್ರ ಎಲ್ಲವೂ ಒಬ್ಬ ಗೈಡ್ ಕೈಯಲ್ಲಿ. ನಾನೂ ಎಂಜಿನಿಯರಿಂಗ್ ಓದಿದವನೇ, ಇಂಟರ್ನಲ್ ಮಾರ್ಕ್ಸ್ ಭಯ ಗೊತ್ತು. ಇದು ಅದರ ಹತ್ತುಪಟ್ಟು. ಆ ಗೈಡೇ ಕಿರುಕುಳ ಕೊಟ್ಟರೆ? ಬಾಯಿಬಿಟ್ಟರೆ ವರ್ಷಗಳ ಶ್ರಮ ನೀರುಪಾಲು.

ಆದರೂ ಬಾಯಿಬಿಟ್ಟವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ದೂರು ಕೊಟ್ಟರು, ವಿಚಾರಣೆ ನಡೆಯಿತು. 2018ರಲ್ಲಿ ಹೆಸರಾಂತ ಪ್ರಾಧ್ಯಾಪಕರೊಬ್ಬರಿಗೆ ಕಡ್ಡಾಯ ನಿವೃತ್ತಿಯಾಯಿತು.

ಕಾನೂನು ಏನು ಹೇಳುತ್ತೆ? 2013ರ ಕಾಯ್ದೆ ಪ್ರಕಾರ ಹತ್ತು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ದೂರು. ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಯುಜಿಸಿಯ 2015ರ ನಿಯಮದಲ್ಲಿ ಇನ್ನೊಂದು ಮುಖ್ಯ ಅಂಶವಿದೆ: ವಿಚಾರಣೆ ನಡೆಯುವಾಗ ಆರೋಪಿತ ಗೈಡ್ ಅವಳ ಕೆಲಸದ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಅಂದ್ರೆ, ಅವಳ ಭಯದ ಬುಡಕ್ಕೇ ಅಲ್ಲಿ ಮದ್ದಿದೆ.

ಅಪ್ಪ-ಅಮ್ಮಂದಿರೇ, ಮಗಳು ಫೋನಲ್ಲಿ ಅತ್ತರೆ ‘ಸಾಕು, ವಾಪಸ್ ಬಾ’ ಅನ್ನಬೇಡಿ. ‘ಮೆಸೇಜ್ ಅಳಿಸಬೇಡ, ದೂರು ಬರಿ, ನಾವಿದ್ದೀವಿ’ ಅನ್ನಿ. ಲ್ಯಾಬ್ ಬಿಡಬೇಕಾದವಳು ಅವಳಲ್ಲ.